ಹೈ-ಫೈ ಕೋಣೆಗೊಂದು ಜವಾರಿ ಪರೀಕ್ಷೆ

ಸಂಗೀತ ಕೇಳುವುದಕ್ಕೆಂದೇ ಮನೆಯಲ್ಲಿ ಒಂದು ಕೋಣೆಯನ್ನು ಮೀಸಲಿಡುವ ಹವ್ಯಾಸ ಈಗ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಹೊಸ ಮನೆ ಕಟ್ಟಿಸುವವರಲ್ಲಿ ಕೆಲವರು ದೇವರ ಕೋಣೆ, ಅಡುಗೆ ಮನೆಗಳ ಜೊತೆಗೆ ಒಂದು ‘ಹೈ-ಫೈ ಕೋಣೆ’ಯನ್ನೂ ನಕ್ಷೆಯಲ್ಲಿ ಸೇರಿಸುತ್ತಿದ್ದಾರೆ. ಸಂಗೀತವನ್ನು ಗಮನವಿಟ್ಟು ಕೇಳಬೇಕೆಂಬ ಈ ಆಸೆ ಮೆಚ್ಚತಕ್ಕದ್ದೇ. ಆದರೆ ಅಂಥ ಕೋಣೆಗಳನ್ನು ಕಟ್ಟುವ, ತಿದ್ದುವ ರೀತಿಯಲ್ಲಿ ಭೌತವಿಜ್ಞಾನಕ್ಕಿಂತ ಅಂಗಡಿಯ ಮಾತಿಗೇ ಹೆಚ್ಚು ಬೆಲೆ ಸಿಗುತ್ತಿದೆ. ಲಕ್ಷಗಟ್ಟಲೆ ಹಣ ಉಪಕರಣಕ್ಕೆ ಹೋಗುತ್ತದೆ, ಕೋಣೆಗೆ ಉಳಿಯುವುದು ಬಣ್ಣ ಮತ್ತು ಪರದೆ. ಈ ಲೇಖನ ಆ ಕ್ರಮದ ವಿಮರ್ಶೆ. ಯಾವ ಸ್ಪೀಕರ್ ಒಳ್ಳೆಯದು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಕೋಣೆ ಒಳ್ಳೆಯದೋ ಅಲ್ಲವೋ ಎಂದು ನೀವೇ ಪರೀಕ್ಷಿಸುವ ದಾರಿ ಇದೆ.

ಪರೀಕ್ಷೆಗೆ ಬೇಕಾದ ಧ್ವನಿಯೂ ನಮ್ಮ ಹತ್ತಿರದಲ್ಲೇ ಇದೆ. ಕಾಗವಾಡ ದಾಟಿ ಕೆಲವೇ ಕಿಲೋಮೀಟರ್ ಹೋದರೆ ಮಿರಜ್. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937) ನೆಲೆಸಿದ್ದ ಊರು ಅದು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಆ ಗಾಯನ ಹರಿದು ಬಂತು. ತಂಬೂರಿ ಮತ್ತು ಸಿತಾರ್ ತಯಾರಿಕೆಗೂ ಮಿರಜ್ ಹೆಸರಾದ ಊರು. ಅಲ್ಲಿನ ಈ ಎರಡು ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೋಣೆಯ ಗುಣದೋಷ ಹೇಳುವುದಕ್ಕೆ ತಂಬೂರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಏಕೆಂದರೆ ಅದರ ನಾದದಲ್ಲಿ ಅತಿ ತಗ್ಗಿನ ಸ್ವರವೂ ಇದೆ, ಬಹಳ ಎತ್ತರದ ಅಧಿಸ್ವರಗಳೂ ಇವೆ.

ತಂಬೂರಿಯ ಎರಡು ತುದಿಗಳು

ಗಾಯಕರ ಷಡ್ಜ ಹಾರ್ಮೋನಿಯಂನ ಕರಿ ಒಂದನೆಯ ಪಟ್ಟಿ ಎಂದಿಟ್ಟುಕೊಳ್ಳಿ. ಅದರ ಆವೃತ್ತಿ ಸುಮಾರು 138 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಇದಕ್ಕಿಂತ ಒಂದು ಸಪ್ತಕ ಕೆಳಗೆ, ಅಂದರೆ ಸುಮಾರು 69 ಹರ್ಟ್ಸ್‌ಗೆ ಶ್ರುತಿಗೊಂಡಿರುತ್ತದೆ. 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಆದ್ದರಿಂದ ಖರ್ಜದ ಮೂಲ ಸ್ವರದ ತರಂಗಾಂತರ 345/69 = 5 ಮೀಟರ್. ಅದು ನಿಮ್ಮ ಕೋಣೆಯ ಉದ್ದಕ್ಕಿಂತಲೂ ಹೆಚ್ಚು.

ಇನ್ನೊಂದು ತುದಿಯಲ್ಲಿ ಇರುವುದು ಜವಾರಿಯ ಕೆಲಸ. ತಂಬೂರಿಯ ಕುದುರೆಯ ಮೇಲ್ಮೈ ಸ್ವಲ್ಪ ಬಾಗಿರುತ್ತದೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ. ಕಂಪಿಸುವ ತಂತಿ ಈ ಬಾಗಿದ ಮೇಲ್ಮೈಯನ್ನು ಮತ್ತೆ ಮತ್ತೆ ತಾಕುವುದರಿಂದ ಅಧಿಸ್ವರಗಳ ಸಾಲೇ ಹುಟ್ಟುತ್ತದೆ. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಅಧಿಸ್ವರದ ನಿಸ್ಪಂದ ಬಿಂದು ಇರುತ್ತದೆಯೋ ಆ ಅಧಿಸ್ವರ ಹುಟ್ಟಬಾರದು ಎನ್ನುತ್ತದೆ ಯಂಗ್-ಹೆಲ್ಮ್‌ಹೋಲ್ಟ್ಸ್ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮವನ್ನು ಮೀರುತ್ತವೆ ಎಂಬುದನ್ನು ಸಿ. ವಿ. ರಾಮನ್ 1921ರಲ್ಲಿ ಪ್ರಕಟಿಸಿದರು. ಖರ್ಜದ 30ನೆಯ ಅಧಿಸ್ವರ ಸುಮಾರು 2070 ಹರ್ಟ್ಸ್, 50ನೆಯದು 3450 ಹರ್ಟ್ಸ್. ಕೊನೆಯದರ ತರಂಗಾಂತರ ಕೇವಲ 10 ಸೆಂಟಿಮೀಟರ್.

ಐದು ಮೀಟರಿನ ಅಲೆ ಮತ್ತು ಹತ್ತು ಸೆಂಟಿಮೀಟರಿನ ಅಲೆ ಎರಡನ್ನೂ ಒಂದೇ ಕೋಣೆ ನ್ಯಾಯವಾಗಿ ನಡೆಸಿಕೊಳ್ಳಬೇಕು. ನಮ್ಮ ಹೈ-ಫೈ ಕೋಣೆಗಳು ಸೋಲುವುದು ಇಲ್ಲಿಯೇ.

ಗುಂಗಿನ ಲೆಕ್ಕ

ಧ್ವನಿಮೂಲ ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗಿಗೆ ಅನುರಣನ ಎನ್ನುತ್ತೇವೆ. ಶಬ್ದದ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಅವಧಿಯೇ ಅನುರಣನ ಕಾಲ. ಇದನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸಬಿನ್. ಅಲ್ಲಿನ ಒಂದು ಉಪನ್ಯಾಸ ಭವನದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಖಾಲಿ ಇದ್ದಾಗ ಗುಂಗು ಐದೂವರೆ ಸೆಕೆಂಡಿನಷ್ಟು ಉಳಿಯುತ್ತಿತ್ತು. 1895ರಿಂದ ಸಬಿನ್ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲವೂ ಅನುರಣನ ಕಾಲವನ್ನು ಅಳೆದರು. ಅವರ ಸೂತ್ರ ಇಷ್ಟೇ: ಅನುರಣನ ಕಾಲ = 0.161 × ಗಾತ್ರ ÷ ಒಟ್ಟು ಹೀರಿಕೆ. ಗಾತ್ರ ಘನಮೀಟರಿನಲ್ಲಿ, ಹೀರಿಕೆ ಚದರ ಮೀಟರಿನಲ್ಲಿ. ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಒಂದು ಘಟಕ ಹೀರಿಕೆ, ಏಕೆಂದರೆ ಹೊರಗೆ ಹೋದ ಶಬ್ದ ಮರಳಿ ಬರುವುದಿಲ್ಲ. ಈ ಲೆಕ್ಕದ ಆಧಾರದ ಮೇಲೆ ರೂಪಿಸಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಈಗ ನಮ್ಮ ಕಡೆಯ ಒಂದು ಆರ್‌ಸಿಸಿ ಕೋಣೆಯನ್ನು ತೆಗೆದುಕೊಳ್ಳಿ: 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಗಾತ್ರ ಸುಮಾರು 51 ಘನಮೀಟರ್, ಒಳಮೈ ಸುಮಾರು 84 ಚದರ ಮೀಟರ್. ಗಿಲಾವು ಮಾಡಿದ ಗೋಡೆ, ಕಾಂಕ್ರೀಟ್ ಚಾವಣಿ, ನುಣುಪಾದ ಟೈಲ್ಸ್ ನೆಲ. ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ಹೀರುವುದು ನೂರಕ್ಕೆ ಮೂರು ಪಾಲಿನಷ್ಟು. ಒಟ್ಟು ಹೀರಿಕೆ 2.5 ಚದರ ಮೀಟರ್, ಅನುರಣನ ಕಾಲ 8.2/2.5, ಅಂದರೆ 3.3 ಸೆಕೆಂಡ್. ಸಂಗೀತ ಕೇಳುವ ಇಂಥ ಕೋಣೆಗೆ 0.4ರಿಂದ 0.5 ಸೆಕೆಂಡ್ ಸಾಕು. ಏಳು ಪಟ್ಟು ಹೆಚ್ಚು ಗುಂಗಿರುವ ಕೋಣೆಯಲ್ಲಿ ತಾನಿನ ಒಂದು ಸ್ವರ ಮುಂದಿನ ಹತ್ತು ಸ್ವರಗಳ ಮೇಲೆ ಹರಡಿಕೊಳ್ಳುತ್ತದೆ. ಅಥಣಿಯಿಂದ ಪೂರ್ವಕ್ಕೆ ಹೋಗಿ ವಿಜಯಪುರದ ಗೋಲಗುಮ್ಮಟದ ಒಳಗೆ ಮಾತನಾಡಿದವರಿಗೆ ಈ ಅನುಭವ ಹೊಸದಲ್ಲ. ಅಲ್ಲಿ ಕೇಳಿಸುವುದು ಕಟ್ಟಡದ ಧ್ವನಿಯೇ ಹೊರತು ಮಾತನಾಡುವವರದಲ್ಲ. ಸ್ಪೀಕರ್ ಎಷ್ಟೇ ಬೆಲೆಬಾಳಲಿ, ಬರಿಗೋಡೆಯ ಕೋಣೆಯಲ್ಲಿ ಅದರ ಗತಿಯೂ ಅದೇ.

ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಈ ತೊಂದರೆ ಕಡಿಮೆ ಇರುತ್ತಿತ್ತು. ಪಡಸಾಲೆಯ ಒಂದು ಮಗ್ಗುಲು ಅಂಗಳಕ್ಕೆ ತೆರೆದಿರುತ್ತಿತ್ತು. ಒಳಗೆ ಜೋಳದ ಚೀಲ, ಮಡಿಚಿಟ್ಟ ಕೌದಿ, ಕಂಬಳಿಗಳ ರಾಶಿ. ಸಬಿನ್ನರ ಸೂತ್ರದ ಕಣ್ಣಿನಿಂದ ನೋಡಿದರೆ ಇವೆಲ್ಲ ಹೀರಿಕೆಯ ಘಟಕಗಳೇ.

ಅರ್ಧ ಚಿಕಿತ್ಸೆಯ ಅಪಾಯ

ಗುಂಗು ಹೆಚ್ಚಾಗಿದೆ ಎಂದು ತಿಳಿದ ಕೂಡಲೇ ಹವ್ಯಾಸಿಗಳು ಮಾಡುವುದೇನು? ನಾಲ್ಕೂ ಗೋಡೆಗೆ ಒಂದಿಂಚಿನ ಫೋಮ್, ದಪ್ಪ ಪರದೆ, ನೆಲಕ್ಕೆ ಹಾಸು. ಕೆಲವರು ಮೊಟ್ಟೆಯ ಟ್ರೇಗಳನ್ನೂ ಥರ್ಮೋಕೋಲನ್ನೂ ಅಂಟಿಸುತ್ತಾರೆ. ಇಂಥ ಕೋಣೆಗೆ ಕಾಲಿಟ್ಟಾಗ ಕಿವಿಗೆ ಹತ್ತಿ ಇಟ್ಟಂತೆ ಅನಿಸುತ್ತದೆ, ಮಾಲೀಕರು ಅದನ್ನೇ ಗುಣಮಟ್ಟ ಎಂದುಕೊಳ್ಳುತ್ತಾರೆ.

ತಂಬೂರಿಯ ಧ್ವನಿಮುದ್ರಣ ಹಚ್ಚಿದರೆ ನಿಜ ಹೊರಬೀಳುತ್ತದೆ. ರಂಧ್ರಮಯ ವಸ್ತು ಶಬ್ದವನ್ನು ಹೀರುವುದು ಅದರೊಳಗೆ ಗಾಳಿಯ ಕಣಗಳು ಓಡಾಡಿ ಘರ್ಷಣೆಗೆ ಸಿಕ್ಕಾಗ. ಗೋಡೆಗೆ ಒತ್ತಿಕೊಂಡಂತೆ ಕಣಗಳ ಚಲನೆ ಬಹುತೇಕ ಸೊನ್ನೆ. ಗೋಡೆಯಿಂದ ತರಂಗಾಂತರದ ಕಾಲುಭಾಗ ದೂರದಲ್ಲಿ ಅದು ಗರಿಷ್ಠ. 3450 ಹರ್ಟ್ಸ್‌ಗೆ ಕಾಲುಭಾಗ ಎಂದರೆ 2.5 ಸೆಂಟಿಮೀಟರ್, ಸರಿಯಾಗಿ ಒಂದಿಂಚಿನ ಫೋಮ್‌ನ ದಪ್ಪ. 69 ಹರ್ಟ್ಸ್‌ಗೆ ಕಾಲುಭಾಗ ಎಂದರೆ 1.25 ಮೀಟರ್. ಹೀಗಾಗಿ ತೆಳು ಫೋಮ್ ಜವಾರಿಯನ್ನು ನುಂಗಿಹಾಕಿ ಖರ್ಜವನ್ನು ಹಾಗೆಯೇ ಬಿಡುತ್ತದೆ. ಫಲ: ಮೊದಲು ಎಲ್ಲ ಆವೃತ್ತಿಗಳಲ್ಲಿಯೂ ಇದ್ದ ಗುಂಗು ಈಗ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ತಬಲಾದ ಎಡ ಮೊಳಗುತ್ತದೆ, ತಂಬೂರಿ ಮಂಕಾಗುತ್ತದೆ. ಮಾಲೀಕರು ಸ್ಪೀಕರನ್ನು ದೂರಿ ಇನ್ನೊಂದು ಕೊಳ್ಳುತ್ತಾರೆ.

ಥರ್ಮೋಕೋಲ್‌ನ ರಂಧ್ರಗಳು ಮುಚ್ಚಿದ ಗುಳ್ಳೆಗಳು. ಗಾಳಿ ಒಳಗೆ ಹೋಗುವುದೇ ಇಲ್ಲ, ಆದ್ದರಿಂದ ಅದು ಶಬ್ದ ಹೀರುವ ವಸ್ತುವೇ ಅಲ್ಲ. ಮೊಟ್ಟೆ ಟ್ರೇ ಎತ್ತರದ ಕೆಲವು ಆವೃತ್ತಿಗಳಲ್ಲಿ ಅಲ್ಪಸ್ವಲ್ಪ ಹೀರೀತು. ಆದರೆ ಟ್ರೇ, ಥರ್ಮೋಕೋಲ್, ಅಗ್ಗದ ಫೋಮ್ ಮೂರೂ ಸುಲಭವಾಗಿ ಬೆಂಕಿ ಹಿಡಿಯುತ್ತವೆ. ವಿದ್ಯುತ್ ಉಪಕರಣ ತುಂಬಿದ ಮುಚ್ಚಿದ ಕೋಣೆಯಲ್ಲಿ ಇವನ್ನು ಗೋಡೆ ತುಂಬ ಅಂಟಿಸುವುದು ಪ್ರಾಣಕ್ಕೇ ಅಪಾಯ.

ಖರ್ಜ ಎಲ್ಲಿ ಕಳೆದುಹೋಯಿತು?

ಪಿಯುಸಿ ಪ್ರಯೋಗಾಲಯದ ಅನುನಾದ ನಳಿಕೆಯನ್ನು ನೆನಪಿಸಿಕೊಳ್ಳಿ. ಎರಡು ಎದುರು ಗೋಡೆಗಳ ನಡುವಿನ ಗಾಳಿಯೂ ಅಂಥದೇ ಒಂದು ನಳಿಕೆ. ಗೋಡೆಗಳ ಅಂತರ ತರಂಗಾಂತರದ ಅರ್ಧ ಆದಾಗ ಸ್ಥಾಯಿ ತರಂಗ ಏರ್ಪಡುತ್ತದೆ. ನಮ್ಮ ಕೋಣೆಯಲ್ಲಿ ಉದ್ದಕ್ಕೆ 38, ಅಗಲಕ್ಕೆ 47, ಎತ್ತರಕ್ಕೆ 57 ಹರ್ಟ್ಸ್‌ನಲ್ಲಿ ಮೊದಲ ಅನುನಾದಗಳು ಸಿಗುತ್ತವೆ. ಉದ್ದದ ಎರಡನೆಯದು 75 ಹರ್ಟ್ಸ್ ಹತ್ತಿರ. ಉದ್ದ ಮತ್ತು ಎತ್ತರ ಕೂಡಿ ಉಂಟುಮಾಡುವ ಇನ್ನೊಂದು 68 ಹರ್ಟ್ಸ್‌ನಲ್ಲಿ ಬರುತ್ತದೆ, ಖರ್ಜದ ಮಗ್ಗುಲಲ್ಲೇ. ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಇಂಥ ಬಿಡಿ ಅನುನಾದಗಳೇ ಕೋಣೆಯನ್ನು ಆಳುತ್ತವೆ.

ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆ ಇನ್ನೂ ಕೆಟ್ಟದ್ದು. ಅಲ್ಲಿ ಮೂರೂ ಅನುನಾದಗಳು ಒಂದರ ಮೇಲೊಂದು 57 ಹರ್ಟ್ಸ್‌ನಲ್ಲೇ ಬೀಳುತ್ತವೆ. ಮುಂದಿನದು 80 ಹರ್ಟ್ಸ್. ನಡುವೆ ಇರುವ 69ಕ್ಕೆ ಆಸರೆಯೇ ಇಲ್ಲ. ಆದ್ದರಿಂದ ಕೋಣೆ ಕಟ್ಟಿಸುವಾಗಲೇ ಮೂರು ಅಳತೆಗಳು ಸಮವಾಗದಂತೆ, ಒಂದು ಇನ್ನೊಂದರ ಎರಡು ಪಟ್ಟೂ ಆಗದಂತೆ ನೋಡಿಕೊಳ್ಳಬೇಕು. ಗವಂಡಿಗೆ ಈ ಮಾತು ಹೇಳಲು ಖರ್ಚೇನೂ ಇಲ್ಲ, ಕಟ್ಟಿದ ಮೇಲೆ ತಿದ್ದುವುದಕ್ಕೆ ಬಹಳ ಖರ್ಚಿದೆ.

ಕೂರುವ ಜಾಗವೂ ಮುಖ್ಯ. ಗೋಡೆಯ ಬಳಿ ಒತ್ತಡದ ಏರಿಳಿತ ಗರಿಷ್ಠ. ಕೋಣೆಯ ನಟ್ಟನಡುವೆ ಮೊದಲ ಅನುನಾದದ ಒತ್ತಡ ಸೊನ್ನೆ. ಗೋಡೆಗೆ ಒರಗಿ ಕುಳಿತರೆ ತಗ್ಗಿನ ಸ್ವರ ಅತಿಯಾಗುತ್ತದೆ, ಮಧ್ಯದಲ್ಲಿ ಕುಳಿತರೆ ಕೆಲವು ಸ್ವರ ಕಾಣೆಯಾಗುತ್ತವೆ. ಹಲವು ಹೊಸ ಉಪಕರಣಗಳಲ್ಲಿ ಕೋಣೆಯ ದೋಷವನ್ನು ತಾನೇ ತಿದ್ದುವ ವ್ಯವಸ್ಥೆ ಇದೆ. ಅದು ಅತಿಯಾದ ಸ್ವರವನ್ನು ತಗ್ಗಿಸಬಲ್ಲದು. ಆದರೆ ಎರಡು ಅಲೆಗಳು ಪರಸ್ಪರ ಅಳಿಸಿಹೋಗುವ ಜಾಗದಲ್ಲಿ ಎಷ್ಟು ಶಕ್ತಿ ಹಾಕಿದರೂ ಎರಡೂ ಅಲೆ ಒಟ್ಟಿಗೇ ಬೆಳೆಯುತ್ತವೆ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಕುರ್ಚಿಯನ್ನು ಎರಡು ಅಡಿ ಸರಿಸುವುದೇ ಅದಕ್ಕೆ ಮದ್ದು.

ತಗ್ಗಿನ ಸ್ವರವನ್ನು ಹೀರಲು ನಮ್ಮ ಬಡಿಗರೇ ಮಾಡಬಹುದಾದ ಸಾಧನವಿದೆ: ಚೌಕಟ್ಟಿಗೆ ಬಡಿದ ತೆಳು ಪ್ಲೈವುಡ್, ಅದರ ಹಿಂದೆ ಮುಚ್ಚಿದ ಗಾಳಿಯ ಪದರ, ಒಳಗೆ ಸ್ವಲ್ಪ ಉಣ್ಣೆ. ಹಲಗೆಯ ರಾಶಿ ಮತ್ತು ಗಾಳಿಯ ಸ್ಪ್ರಿಂಗ್ ಸೇರಿ ಒಂದು ಆವೃತ್ತಿಯಲ್ಲಿ ಕಂಪಿಸಿ ಶಕ್ತಿಯನ್ನು ಹೀರುತ್ತವೆ. ಆ ಆವೃತ್ತಿಯನ್ನು ತಿಳಿಯಲು ಚದರ ಮೀಟರಿಗೆ ಹಲಗೆಯ ತೂಕವನ್ನು ಕಿಲೋಗ್ರಾಮಿನಲ್ಲಿ, ಗಾಳಿಯ ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ, ಗುಣಲಬ್ಧದ ವರ್ಗಮೂಲದಿಂದ 60ನ್ನು ಭಾಗಿಸಿ. 6 ಮಿಲಿಮೀಟರ್ ಪ್ಲೈವುಡ್ ಸುಮಾರು 3.6 ಕಿಲೋಗ್ರಾಂ ತೂಗುತ್ತದೆ. ಆಳ 20 ಸೆಂಟಿಮೀಟರ್ ಇಟ್ಟರೆ ಉತ್ತರ ಸುಮಾರು 71 ಹರ್ಟ್ಸ್. ಇಂಥ ಕೆಲವು ಹಲಗೆಗಳನ್ನು ಮೂಲೆಗಳಲ್ಲಿ ನಿಲ್ಲಿಸಿದರೆ ಖರ್ಜದ ಮೊಳಗು ಹದಕ್ಕೆ ಬರುತ್ತದೆ.

ಕಂಬಳಿ ಎಲ್ಲಿ, ಎಷ್ಟು?

ಮಧ್ಯಮ ಮತ್ತು ಎತ್ತರದ ಆವೃತ್ತಿಗಳಿಗೆ ಹೊರಗಿನ ಸರಕು ಬೇಕಿಲ್ಲ. ನಮ್ಮ ಕಡೆ ಕುರುಬರು ನೇಯುವ ಕರಿ ಕಂಬಳಿ ಒಳ್ಳೆಯ ರಂಧ್ರಮಯ ವಸ್ತು. ಉಣ್ಣೆ ಸುಲಭವಾಗಿ ಬೆಂಕಿ ಹಿಡಿಯುವುದೂ ಇಲ್ಲ. ಅದನ್ನು ಎರಡು ಮೂರು ಮಡಿಕೆ ಮಾಡಿ, ಗೋಡೆಯಿಂದ 10 ಸೆಂಟಿಮೀಟರ್ ದೂರದಲ್ಲಿ ಚೌಕಟ್ಟಿಗೆ ತೂಗುಹಾಕಿ. ಆ ಅಂತರವೂ ದಪ್ಪದಂತೆಯೇ ಕೆಲಸ ಮಾಡುತ್ತದೆ.

ನಮ್ಮ ಕೋಣೆಗೆ ಅಂದಾಜು ಲೆಕ್ಕ ಹೀಗಿದೆ. ಬರಿಕೋಣೆ 2.5, ಹತ್ತಿಯ ಗಾದಿಯುಳ್ಳ ಮಂಚ 3, ಇಬ್ಬರು ಕೇಳುಗರು 1, ಪುಸ್ತಕದ ಕಪಾಟು 1.5, ಕಿಟಕಿಯ ಪರದೆ 1. ಇಲ್ಲಿಗೆ ಒಟ್ಟು 9, ಅನುರಣನ ಕಾಲ 0.9 ಸೆಕೆಂಡ್. ಎಂಟು ಚದರ ಮೀಟರ್ ಕಂಬಳಿಯಿಂದ 5, ಒಂದು ಜಮಖಾನದಿಂದ 2 ಸೇರಿದರೆ ಒಟ್ಟು 16. ಕಾಲ 0.5 ಸೆಕೆಂಡಿಗೆ ಇಳಿಯಿತು. ಇಲ್ಲಿಗೆ ನಿಲ್ಲಿಸಿ. ಇನ್ನೂ ಹೀರಿಸಿದರೆ ಜವಾರಿ ಮಂಕಾಗುತ್ತದೆ.

ಕಂಬಳಿ ಎಲ್ಲಿರಬೇಕು ಎಂಬುದನ್ನು ಪ್ರತಿಫಲನ ನಿಯಮವೇ ಹೇಳುತ್ತದೆ. ನೀವು ಕೇಳುವ ಜಾಗದಲ್ಲಿ ಕುಳಿತುಕೊಳ್ಳಿ. ಮನೆಯವರೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುವುದೋ ಅಲ್ಲಿ ಕಂಬಳಿ ತೂಗುಹಾಕಿ. ಪುಸ್ತಕದ ಕಪಾಟು ನಿಮ್ಮ ಹಿಂದಿರಲಿ. ಪುಸ್ತಕಗಳ ಏರುಪೇರು ಶಬ್ದವನ್ನು ಚದುರಿಸುತ್ತದೆ.

ಹೀರುವುದು ಬೇರೆ, ತಡೆಯುವುದು ಬೇರೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳ ಸದ್ದು ಒಳಗೆ ಬರಬಾರದೆಂದು ಫೋಮ್ ಅಂಟಿಸುವವರಿದ್ದಾರೆ. ಇದು ಎರಡು ಬೇರೆ ಕೆಲಸಗಳನ್ನು ಒಂದೆಂದು ತಿಳಿದದ್ದರ ಫಲ. ಶಬ್ದವನ್ನು ತಡೆಯುವುದು ತೂಕ ಮತ್ತು ಬಿಗಿ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಗಿಲಾವು ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಆದರೆ ಆ ಗೋಡೆಯ ನೂರರಲ್ಲಿ ಒಂದು ಪಾಲು ಸಂದಿಯಿದ್ದರೆ ಶಬ್ದಶಕ್ತಿಯ ನೂರರಲ್ಲಿ ಒಂದು ಪಾಲು ಒಳಗೆ ಬಂದೇ ಬರುತ್ತದೆ, ತಡೆ 20 ಡೆಸಿಬೆಲ್‌ಗೆ ಕುಸಿಯುತ್ತದೆ. ಬಾಗಿಲಿನ ಅಡಿಗೆ, ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಹಾಕುವುದು ಯಾವ ಫೋಮಿಗಿಂತಲೂ ಮೇಲು.

ತಂತಿಗೆ ಸುರಿದ ಹಣ

ಸ್ಪೀಕರಿಗೆ ಹೋಗುವ ತಂತಿಯ ಬೆಲೆ ಹೆಚ್ಚಿದಷ್ಟೂ ನಾದ ತಿಳಿಯಾಗುತ್ತದೆ ಎಂಬ ನಂಬಿಕೆ ಭೌತವಿಜ್ಞಾನ ಕಲಿಸುವವರಲ್ಲಿಯೂ ಇದೆ. ಲೆಕ್ಕ ಹಾಕಿ. 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ, ಉದ್ದ 5 ಮೀಟರ್, ಹೋಗಿಬರುವ ದಾರಿ 10 ಮೀಟರ್. ರೋಧ ಸುಮಾರು 0.07 ಓಮ್. 8 ಓಮ್‌ನ ಸ್ಪೀಕರಿನ ಮುಂದೆ ಇದರಿಂದ ಆಗುವ ಇಳಿಕೆ 0.1 ಡೆಸಿಬೆಲ್‌ಗಿಂತ ಕಡಿಮೆ. ಕುರ್ಚಿಯನ್ನು ಒಂದಡಿ ಸರಿಸಿದರೆ ತಗ್ಗಿನ ಸ್ವರದಲ್ಲಿ ಆಗುವ ವ್ಯತ್ಯಾಸ ಹಲವು ಡೆಸಿಬೆಲ್.

“ಲೆಕ್ಕ ಏನೇ ಹೇಳಲಿ, ನನ್ನ ಕಿವಿಗೆ ಕೇಳುತ್ತದೆ” ಎನ್ನುವವರಿಗೆ ಕಣ್ಣುಕಟ್ಟಿದ ಪರೀಕ್ಷೆ ಇದೆ. ಸಹಾಯಕರೊಬ್ಬರು ನಾಣ್ಯ ಚಿಮ್ಮಿ, ಬಂದ ಮುಖದಂತೆ ತಂತಿ ಬದಲಿಸಲಿ ಅಥವಾ ಬದಲಿಸಿದಂತೆ ನಟಿಸಲಿ. ಹತ್ತು ಸಲ ಯಾವ ತಂತಿಯೆಂದು ಹೇಳಿ. ಬರಿಯ ಊಹೆಯಿಂದ ಒಂಬತ್ತು ಅಥವಾ ಹತ್ತು ಉತ್ತರ ಸರಿಯಾಗುವ ಸಂಭವ 1024ರಲ್ಲಿ 11, ಅಂದರೆ ಸುಮಾರು ಶೇಕಡಾ ಒಂದು. ಅಷ್ಟು ಸರಿಯಾದರೆ ನಿಮ್ಮ ಮಾತನ್ನು ಒಪ್ಪೋಣ. ಆರೋ ಏಳೋ ಸರಿಯಾದರೆ ತಂತಿಯ ಹಣವನ್ನು ಕಂಬಳಿಗೆ, ಪ್ಲೈವುಡ್ಡಿಗೆ ಕೊಡಿ.

ಕೇಳುವ ಮುದ್ರಣವನ್ನೂ ಮರೆಯಬಾರದು. 1930ರ ದಶಕದ 78 ಸುತ್ತಿನ ತಟ್ಟೆಗಳಲ್ಲಿ ಸುಮಾರು 5-6 ಸಾವಿರ ಹರ್ಟ್ಸ್‌ಗಿಂತ ಮೇಲೆ ಸಂಗೀತ ಬಹಳ ಕಡಿಮೆ. ಅಬ್ದುಲ್ ಕರೀಂ ಖಾನರ ಧ್ವನಿಗಾಗಿ 40 ಸಾವಿರ ಹರ್ಟ್ಸ್‌ವರೆಗೆ ಹೋಗುವ ಸ್ಪೀಕರ್ ಕೊಂಡರೆ ಕೇಳಿಸುವುದು ತಟ್ಟೆಯ ಕರಕರ ಸದ್ದು ಮಾತ್ರ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನೊಂದು ಯೋಜನಾಕಾರ್ಯವಾಗಿ ಕೊಡಬಹುದು. ಮೊಬೈಲಿನ ಧ್ವನಿ ಹುಟ್ಟಿಸುವ ಆ್ಯಪ್‌ನಿಂದ 75 ಹರ್ಟ್ಸ್ ಸ್ವರವನ್ನು ದೊಡ್ಡ ಸ್ಪೀಕರಿಗೆ ಕೊಟ್ಟು, ನಮ್ಮ 15 ಅಡಿಯ ಕೋಣೆಯಲ್ಲಿ ಉದ್ದಕ್ಕೂ ನಡೆಯಿರಿ. ಗೋಡೆಗಳ ಬಳಿ ಮತ್ತು ನಡುವೆ ಸ್ವರ ಜೋರಾಗಿ, ಗೋಡೆಯಿಂದ ಸುಮಾರು 1.1 ಮೀಟರ್ ದೂರದಲ್ಲಿ ಕ್ಷೀಣವಾಗಿ ಕೇಳುತ್ತದೆ. ಪುಸ್ತಕದ ಸ್ಥಾಯಿ ತರಂಗದೊಳಗೆ ವಿದ್ಯಾರ್ಥಿ ನಡೆದಾಡಿದಂತಾಗುತ್ತದೆ. ಬಲೂನೊಂದನ್ನು ಒಡೆದು ಮೊಬೈಲಿನಲ್ಲಿ ಮುದ್ರಿಸಿ, ಶಬ್ದದ ಮಟ್ಟ 20 ಡೆಸಿಬೆಲ್ ಇಳಿಯಲು ಹಿಡಿದ ಕಾಲವನ್ನು ಮೂರರಿಂದ ಗುಣಿಸಿದರೆ ಅನುರಣನ ಕಾಲದ ಅಂದಾಜು ಸಿಗುತ್ತದೆ.

ಅದೇ ಬಲೂನನ್ನು ತರಗತಿಯ ಕೋಣೆಯಲ್ಲೂ ಒಡೆಯಿರಿ. 7 ಮೀಟರ್ ಉದ್ದ, 6 ಮೀಟರ್ ಅಗಲ, 3.3 ಮೀಟರ್ ಎತ್ತರದ ಬರಿಗೋಡೆಯ ಕೋಣೆಯಲ್ಲಿ 40 ಮಕ್ಕಳು ಕುಳಿತಾಗಲೂ ಸಬಿನ್ ಸೂತ್ರದಂತೆ ಅನುರಣನ ಕಾಲ ಸುಮಾರು 1.2 ಸೆಕೆಂಡ್. ಇಂಥ ತರಗತಿಗೆ 0.6 ಸೆಕೆಂಡ್ ಮೀರಬಾರದು ಎನ್ನುತ್ತದೆ ಅಮೆರಿಕದ 2002ರ ಮಾನಕ. ಹಿಂದಿನ ಬೆಂಚಿನ ಮಗುವಿಗೆ ಶಿಕ್ಷಕರ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದು ಕೇಳುತ್ತದೆ. ಮೈಕ್ ಕೊಟ್ಟರೆ ಮಾತೂ ಗುಂಗೂ ಒಟ್ಟಿಗೇ ಹೆಚ್ಚುತ್ತವೆ. ಬೇಕಾದದ್ದು ಇನ್ನೂ ಹದಿನೆಂಟು ಘಟಕ ಹೀರಿಕೆ. ಅದಕ್ಕೆ ಕಚ್ಚಾವಸ್ತು ನಮ್ಮ ಸುತ್ತಲೇ ಇದೆ. ಸಕ್ಕರೆ ಕಾರ್ಖಾನೆಯವರು ಬಗ್ಯಾಸ್ ಎಂದು ಕರೆದು ಬಾಯ್ಲರಿಗೆ ಹಾಕುವ ಕಬ್ಬಿನ ಸಿಪ್ಪೆಯಿಂದ ಅಮೆರಿಕದ ಲೂಸಿಯಾನಾದಲ್ಲಿ 1920ರ ದಶಕದಲ್ಲೇ ಸೆಲೊಟೆಕ್ಸ್ ಎಂಬ ಹಲಗೆ ಮಾಡಿ, ತೂತು ಕೊರೆದು, ಸಭಾಂಗಣಗಳಿಗೆ ಹೊದಿಸಿದ್ದರು. ಚಿಕ್ಕೋಡಿ, ರಾಯಬಾಗ, ಅಥಣಿಯ ಸುತ್ತ ಕಬ್ಬಿಗೆ ಕೊರತೆಯಿಲ್ಲ. ಬೆಂಕಿ ತಾಳುವಂತೆ ಸಂಸ್ಕರಿಸಿದ ಇಂಥ ಹಲಗೆಯ ಹೀರಿಕೆ ಗುಣಾಂಕವನ್ನು ಅಳೆಯುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಾಧ್ಯವಿರುವ ಕೆಲಸ. ಸಬಿನ್ ಮಾಡಿದ್ದೂ ಅದನ್ನೇ: ಮೆತ್ತೆಯೊಂದನ್ನು ಸೇರಿಸು, ಅಳೆ, ಬರೆದಿಡು. ಮನೆಯ ಹೈ-ಫೈ ಕೋಣೆಯಲ್ಲಿ ಕಲಿತ ಈ ಕ್ರಮವನ್ನು ಶಾಲೆಯ ಕೋಣೆಗೂ ತಂದರೆ, ಕೇಳುವ ಹಕ್ಕುಳ್ಳ ನಲವತ್ತು ಜೋಡಿ ಕಿವಿಗಳಿಗೆ ಅದರ ಪ್ರಯೋಜನ ಸಿಗುತ್ತದೆ.